ಅನ್ಯಲೋಕದವರಿಗೆ ಅರ್ಥವಾಗುವ ಸಂದೇಶ ಕಟ್ಟುವುದು ಹೇಗೆ?

ಒಂದು ಸಂಜೆ ಚೀಟಿಯೊಂದರಲ್ಲಿ 35 ಅಂಕಿ ಬರೆದು ಅಮ್ಮನ ಮುಂದಿಟ್ಟೆ. ಬರೀ ಸೊನ್ನೆ ಮತ್ತು ಒಂದು. ನಡುವೆ ಬಿಡುವಿಲ್ಲ, ಗುರುತಿಲ್ಲ.

00100011101010100100010101000110001

"ಇದೊಂದು ಚಿತ್ರ ಅಮ್ಮಾ. ಒಂದು ಇದ್ದಲ್ಲಿ ಚುಕ್ಕಿ, ಸೊನ್ನೆ ಇದ್ದಲ್ಲಿ ಖಾಲಿ. ಏನು ಚಿತ್ರ ಹೇಳು" ಅಂದೆ. ಐವತ್ತು ವರ್ಷ ಬಾಗಿಲಿಗೆ ರಂಗೋಲಿ ಹಾಕಿದ ಕೈ ಅವಳದು. ಚೀಟಿಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು: "ಸಾಲಿಗೆ ಎಷ್ಟು ಚುಕ್ಕಿ ಅಂತ ಹೇಳ್ದೆ ಹಾಕು ಅಂದ್ರೆ ಹೇಗೋ ಹಾಕ್ಲಿ?"

ರಂಗೋಲಿ ಪುಸ್ತಕದಲ್ಲಿ ಪ್ರತಿ ಚಿತ್ರದ ಕೆಳಗೂ ಒಂದು ಸಾಲಿನ ಸೂಚನೆ ಇರುತ್ತದೆ: 7 ಚುಕ್ಕಿ 7 ಸಾಲು, ಅಥವಾ 15ರಿಂದ 8, ಸಂದು ಚುಕ್ಕಿ. ಆ ಒಂದು ಸಾಲು ಇಲ್ಲದಿದ್ದರೆ ಎಂಥ ಪಳಗಿದ ಕೈಯೂ ನಿಂತುಬಿಡುತ್ತದೆ. ಬೇರೊಂದು ನಕ್ಷತ್ರದ ಸುತ್ತ ಇರಬಹುದಾದ, ಬುದ್ಧಿಯುಳ್ಳ ಜೀವಿಗಳಿಗೆ ಸಂದೇಶ ಕಟ್ಟುವವರ ಮೊದಲ ತೊಡಕೂ ಇದೇ. ಹೇಳಬೇಕಾದ್ದನ್ನು ಹೇಳುವ ಮುಂಚೆ ಅದನ್ನು ಓದುವುದು ಹೇಗೆಂದು ಕಲಿಸಬೇಕು. ಆ ಪಾಠವೂ ಸಂದೇಶದ ಹೊಟ್ಟೆಯೊಳಗೇ ಇರಬೇಕು, ಏಕೆಂದರೆ ಪಕ್ಕದಲ್ಲಿ ಕೂತು ವಿವರಿಸಲು ನಾವು ಅಲ್ಲಿರುವುದಿಲ್ಲ.

1960ರ ದಶಕದಿಂದ ಈಚೆಗೆ ಖಗೋಳ ವಿಜ್ಞಾನಿಗಳು, ಗಣಿತಜ್ಞರು, ಕಲಾವಿದರು ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದ್ದಾರೆ. ಕೆಲವನ್ನು ಚೆನ್ನಾಗಿ ಮಾಡಿದರು, ಕೆಲವು ಕಡೆ ಎಡವಿದರು. ಅವರಿಂದ ಕಲಿತು, ನೀವೇ ಮನೆಯಲ್ಲಿ ಒಂದು ಸಂದೇಶ ಕಟ್ಟಬಹುದು. ಬೇಕಾದ್ದು ಇಷ್ಟೇ: ಚೌಕಳಿ ಹಾಳೆ, ಪೆನ್ಸಿಲ್, ರಬ್ಬರ್, ಮತ್ತು ತಾಳ್ಮೆಯಿರುವ ಒಬ್ಬಿಬ್ಬರು ಓದುಗರು. ಕೊನೆಯದು ಸಿಗುವುದೇ ಕಷ್ಟ.

ಮೊದಲ ಹೆಜ್ಜೆ: ಮಾತನ್ನು ಪಕ್ಕಕ್ಕಿಡಿ

"ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಈ ಮಾತು ಈಗ ಸೌರಮಂಡಲದ ಅಂಚಿನಾಚೆ ಹೋಗುತ್ತಿದೆ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳ ಮೈಗೆ ಚಿನ್ನದ ಲೇಪದ ತಾಮ್ರದ ಧ್ವನಿಮುದ್ರಿಕೆಯೊಂದನ್ನು ಬಿಗಿದಿದ್ದಾರೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿದ್ದು, ಕನ್ನಡವೂ ಅವುಗಳಲ್ಲೊಂದು. ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಅದೇ ತಟ್ಟೆಯಲ್ಲಿದೆ. ಮೊದಲ ಸಲ ಆ ಕನ್ನಡದ ಸಾಲು ಕೇಳಿದಾಗ ನನಗೆ ಗಂಟಲು ಕಟ್ಟಿತ್ತು, ಈಗಲೂ ಕಟ್ಟುತ್ತದೆ.

ಆದರೆ ಅದು ಶುಭಾಶಯ, ಸಂದೇಶವಲ್ಲ. ಕೇಳುವವರಿಗೆ ಅದು ಬರೀ ದನಿ. ಭಾಷೆಯೊಂದು ಅದನ್ನಾಡುವ ಜನರಿಂದ ಬೇರೆಯಾಗಿ ಒಂಟಿಯಾಗಿ ಸಿಕ್ಕರೆ ಏನಾಗುತ್ತದೆ ಎನ್ನುವುದನ್ನು ಕನ್ನಡಿಗರು ಬೇರೆ ಎಲ್ಲೂ ಹುಡುಕಬೇಕಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ, ಸುಮಾರು 2ನೇ ಶತಮಾನದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜನೊಬ್ಬ ತನ್ನ ಭಾಷೆಯಲ್ಲಿ ಮಾತಾಡುತ್ತಾನೆ. ಆ ಮಾತುಗಳು ಗ್ರೀಕ್ ಅಕ್ಷರಗಳಲ್ಲಿವೆ. ಅದು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ ಅವರು 1904ರಲ್ಲಿ ಸೂಚಿಸಿದರು. ಗೋವಿಂದ ಪೈ ಅವರಂಥವರು ಅದರ ಹಿಂದೆ ಬಿದ್ದು ಅರ್ಥ ಹಚ್ಚಲು ನೋಡಿದರು. ಕನ್ನಡವೋ, ತುಳುವೋ, ನಗಿಸಲಿಕ್ಕೆಂದು ಹೊಸೆದ ಸುಮ್ಮನೆ ಸದ್ದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬರೆದವರೂ ಮನುಷ್ಯರು, ಓದುವವರೂ ಮನುಷ್ಯರು, ನಡುವಿನ ಅಂತರ ಎರಡು ಸಾವಿರ ವರ್ಷಕ್ಕೂ ಕಡಿಮೆ. ಹೀಗಿರುವಾಗ ನಾಲಿಗೆಯೇ ಇದೆಯೋ ಇಲ್ಲವೋ ತಿಳಿಯದ ಓದುಗರಿಗೆ ಮಾತಿನಿಂದ ಶುರುಮಾಡಬಾರದು.

ಎರಡನೆಯದು: ಎದುರಿನವರಿಗೆ ಏನು ಗೊತ್ತಿರಲೇಬೇಕು?

ಹಾಳೆಯ ಮೇಲೆ ಎರಡು ಕಂಬ ಎಳೆಯಿರಿ. ಎಡಕ್ಕೆ, ಅವರಿಗೆ ಖಂಡಿತ ಗೊತ್ತಿರುವುದು. ಬಲಕ್ಕೆ, ನಮಗೆ ಸಹಜ ಅನ್ನಿಸಿದರೂ ಅವರಿಗೆ ಗೊತ್ತಿರಬೇಕಿಲ್ಲದ್ದು. ರೇಡಿಯೋ ಅಲೆಯಲ್ಲಿ ಕಳಿಸಿದ ಸಂದೇಶ ಅವರಿಗೆ ಸಿಕ್ಕಿದೆ ಎಂದರೆ ಅವರು ಆಂಟೆನಾ ಕಟ್ಟಿದ್ದಾರೆ. ಆಂಟೆನಾ ಕಟ್ಟಿದವರಿಗೆ ಎಣಿಕೆ ಬರುತ್ತದೆ, ಅಲೆಯ ಉದ್ದ ಅಳೆಯಲು ಬರುತ್ತದೆ, ಜಲಜನಕ ಗೊತ್ತಿರುತ್ತದೆ. ಇವೆಲ್ಲ ಎಡಕ್ಕೆ. ಮೀಟರು, ಸೆಕೆಂಡು, ಹತ್ತರ ಲೆಕ್ಕ, ಎಡದಿಂದ ಬಲಕ್ಕೆ ಓದುವುದು, ಮೇಲೆ-ಕೆಳಗೆ, ಬಾಣದ ಗುರುತು, ಮುಗುಳ್ನಗೆ, ಕೈ ಎತ್ತಿದರೆ ನಮಸ್ಕಾರ ಎಂಬುದು, ಕಣ್ಣು ಕೂಡ, ಇವೆಲ್ಲ ಬಲಕ್ಕೆ.

ಬಲಗಡೆಯ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಬೆಳೆಯಲಿ. ಸಂದೇಶ ಕಟ್ಟುವಾಗ ಪ್ರತಿ ಗುರುತಿಗೂ ಈ ಪಟ್ಟಿ ನೋಡಿ. ಬಲಗಡೆಯ ಯಾವುದನ್ನಾದರೂ ಬಳಸಲೇಬೇಕಾದರೆ, ಮೊದಲು ಎಡಗಡೆಯ ಸಾಮಾನಿನಿಂದ ಅದನ್ನು ಕಲಿಸಿರಬೇಕು.

ಬಾಣದ ಕಥೆ ಹೇಳಬೇಕು. 1972ರಲ್ಲಿ ಹೊರಟ ಪಯನೀರ್ 10 ಮತ್ತು ಮರುವರ್ಷದ ಪಯನೀರ್ 11 ನೌಕೆಗಳಲ್ಲಿ ಸುಮಾರು 23 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರದ ಲೋಹದ ಫಲಕವಿದೆ. ನೌಕೆ ಭೂಮಿಯಿಂದ ಹೊರಟು ಗುರುಗ್ರಹದ ಪಕ್ಕ ಹಾದುಹೋದ ದಾರಿಯನ್ನು ಅದರಲ್ಲಿ ಬಾಣದ ಗುರುತಿನಿಂದ ತೋರಿಸಿದ್ದಾರೆ. ಬಿಲ್ಲು-ಬಾಣ ಹಿಡಿದು ಬೇಟೆಯಾಡಿದ ಪೂರ್ವಿಕರಿಲ್ಲದವರಿಗೆ ಆ ಗುರುತಿನಿಂದ ಏನು ತಿಳಿದೀತು ಎಂದು ಕಲಾ ಇತಿಹಾಸಕಾರ ಅರ್ನ್ಸ್ಟ್ ಗೊಂಬ್ರಿಕ್ 1972ರಲ್ಲೇ ಆಕ್ಷೇಪಿಸಿದರು. ಆ ಫಲಕ ಮಾಡಿದವರು ಬಹಳ ಜಾಣರು, ಬಹಳ ಎಚ್ಚರಿಕೆಯವರು. ಆದರೂ ನಮ್ಮ ಕಣ್ಣಿಗೆ ತೀರಾ ಸಹಜವಾದದ್ದು ನಮಗೇ ಕಾಣುವುದಿಲ್ಲ.

ಮೂರನೆಯದು: ಮಡಿಸುವ ಕ್ರಮವನ್ನು ಉದ್ದದಲ್ಲೇ ಅಡಗಿಸಿ

ಈಗ ಅಮ್ಮನ ಪ್ರಶ್ನೆಗೆ ಬರೋಣ. ರೇಡಿಯೋ ಸಂದೇಶ ಎಂದರೆ ಒಂದರ ಹಿಂದೆ ಒಂದು ಬರುವ ಸೊನ್ನೆ-ಒಂದುಗಳ, ಅಂದರೆ ಬಿಟ್‌ಗಳ ಸರಪಳಿ. ಚಿತ್ರಕ್ಕೆ ಎರಡು ಆಯಾಮ ಬೇಕು. ಸರಪಳಿಯನ್ನು ಎಲ್ಲಿ ಮಡಿಸಬೇಕು?

ಇದಕ್ಕೆ ಒಪ್ಪಿತವಾದ ಉಪಾಯವೆಂದರೆ, ಒಟ್ಟು ಬಿಟ್‌ಗಳ ಸಂಖ್ಯೆಯನ್ನು ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಆರಿಸುವುದು. ನನ್ನ ಚೀಟಿಯಲ್ಲಿ 35 ಇತ್ತು. 35ನ್ನು 5×7 ಅಥವಾ 7×5 ಎಂದಷ್ಟೇ ಮಡಿಸಬಹುದು. ಏಳೇಳರ ಸಾಲು ಮಾಡಿದರೆ ಹೀಗಾಗುತ್ತದೆ:

0010001
1101010
1001000
1010100
0110001

ಏನೂ ಇಲ್ಲ, ಚೆಲ್ಲಿದ ಸಾಸಿವೆ. ಐದೈದರ ಸಾಲು ಮಾಡಿ:

00100
01110
10101
00100
01010
10001
10001

ತಲೆ, ಭುಜ, ತೋಳು, ನಡು, ಅಗಲಿಸಿದ ಕಾಲು: ನಿಂತ ಮನುಷ್ಯ. ಎಡ-ಬಲ ಒಂದೇ ಥರ ಇರುವುದನ್ನು ಗಮನಿಸಿ. ಸರಿಯಾಗಿ ಮಡಿಸಿದ್ದೇವೆ ಎಂದು ಓದುಗನಿಗೆ ಧೈರ್ಯ ಕೊಡುವುದು ಈ ಸಮತೆಯೇ, ಸುಮ್ಮನೆ ಎರಚಿದ ಚುಕ್ಕಿಗಳಲ್ಲಿ ಅದು ಕಾಣುವುದಿಲ್ಲ.

ಪೋರ್ಟೊ ರಿಕೊ ದ್ವೀಪದ ಅರೆಸಿಬೊ ರೇಡಿಯೋ ದೂರದರ್ಶಕದಿಂದ 1974ರ ನವೆಂಬರ್ 16ರಂದು ಕಳಿಸಿದ ಸಂದೇಶದಲ್ಲಿ ಬಳಸಿದ್ದೂ ಇದೇ ಉಪಾಯ. ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಕಟ್ಟಿದ ಆ ಸಂದೇಶದಲ್ಲಿ 1679 ಬಿಟ್‌ಗಳಿದ್ದವು. 23×73 ಬಿಟ್ಟರೆ ಆ ಸಂಖ್ಯೆಯನ್ನು ಒಡೆಯಲು ಬೇರೆ ದಾರಿಯಿಲ್ಲ. ಸೆಕೆಂಡಿಗೆ ಹತ್ತೇ ಬಿಟ್‌ನಂತೆ, ಮೂರು ನಿಮಿಷದೊಳಗೆ ಇಡೀ ಸಂದೇಶ ಹೊರಟುಹೋಯಿತು. ಗುರಿ ಸುಮಾರು 25,000 ಜ್ಯೋತಿರ್ವರ್ಷ ದೂರದ ಎಂ13 ಎಂಬ ನಕ್ಷತ್ರ ಗುಚ್ಛ.

ನಮ್ಮಲ್ಲೇ ಒಂದು ಹೋಲಿಕೆ ಇದೆ. ಕುಮುದೇಂದು ಮುನಿಯ ಹೆಸರಿನಲ್ಲಿರುವ ಸಿರಿಭೂವಲಯ ಅಕ್ಷರಗಳಲ್ಲಿಲ್ಲ, ಅಂಕಿಗಳಲ್ಲಿದೆ. 1ರಿಂದ 64ರವರೆಗಿನ ಅಂಕಿಗಳನ್ನು 27×27ರ ಚಕ್ರಗಳಲ್ಲಿ ತುಂಬಿದ್ದಾರೆ, ಪ್ರತಿ ಅಂಕಿಗೂ ಒಂದು ಅಕ್ಷರ. ಚಕ್ರದಲ್ಲಿ ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬುದು 'ಬಂಧ' ತಿಳಿದವರಿಗೆ ಮಾತ್ರ ಗೊತ್ತು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ಚರ್ಚೆ ಇಲ್ಲಿ ಬೇಡ. ನಮಗೆ ಬೇಕಾದ್ದು ಎರಡು ವಿಷಯ. ಒಂದು, 27×27 ಎಂದರೆ 729. ಚಕ್ರವನ್ನು ಬಿಚ್ಚಿ ಒಂದೇ ಸಾಲಾಗಿ ಕೊಟ್ಟರೆ ಅದನ್ನು 9×81 ಎಂದೂ 3×243 ಎಂದೂ ಮಡಿಸಬಹುದು, ಓದುಗ ದಾರಿ ತಪ್ಪುತ್ತಾನೆ. ಎರಡು, ಅದರ ಬೀಗದ ಕೈ ಗ್ರಂಥದ ಹೊರಗೆ, ಗುರುಪರಂಪರೆಯಲ್ಲಿದೆ. ಅನ್ಯಲೋಕದ ಓದುಗನಿಗೆ ಗುರುವಿಲ್ಲ. ಬೀಗದ ಜೊತೆಗೇ ಕೈಯನ್ನೂ ಕಳಿಸಬೇಕು.

ಉದ್ದ ಆರಿಸುವಾಗ ಕೈಗೆಟಕುವ ಕೆಲವು ಸಂಖ್ಯೆಗಳು: 7×11=77, 7×13=91, 11×13=143, 13×17=221. ಮೊದಲ ಪ್ರಯತ್ನಕ್ಕೆ 221 ದಾಟಬೇಡಿ.

ನಾಲ್ಕನೆಯದು: ಎಣಿಕೆ, ಆಮೇಲೆ ಲೆಕ್ಕ

ಚಿತ್ರಕ್ಕಿಂತ ಮೊದಲು ಸಂಖ್ಯೆಗಳು ಬರಲಿ. ಅರೆಸಿಬೊ ಸಂದೇಶದ ನೆತ್ತಿಯ ಮೇಲಿರುವುದೂ 1ರಿಂದ 10ರವರೆಗಿನ ಸಂಖ್ಯೆಗಳು, ದ್ವಿಮಾನ ಪದ್ಧತಿಯಲ್ಲಿ, ಅಂದರೆ ಸೊನ್ನೆ ಮತ್ತು ಒಂದು ಎರಡನ್ನೇ ಬಳಸಿ. ಪ್ರತಿ ಸಂಖ್ಯೆಯ ಬುಡದಲ್ಲೊಂದು ಗುರುತಿದೆ: ಸಂಖ್ಯೆ ಇಲ್ಲಿಂದ ಶುರು ಎಂದು. ಈ ಬುಡದ ಗುರುತು ಬಹಳ ಒಳ್ಳೆಯ ಯೋಚನೆ. ಆದರೆ ಮೂರು ಮನೆಯ ಕಂಬದಲ್ಲಿ 7ರವರೆಗೆ ಮಾತ್ರ ಹಿಡಿಸುತ್ತದೆ. ಹಾಗಾಗಿ 8, 9, 10 ಬಂದಾಗ ಪಕ್ಕಕ್ಕೆ ಇನ್ನೊಂದು ಕಂಬ ಸೇರಿಸಿದರು. ಜಾಗ ಉಳಿಯಿತು, ಓದುಗನಿಗೆ ಹೊಸ ತೊಡಕು ಹುಟ್ಟಿತು. ನೀವು ಹಾಗೆ ಮಾಡಬೇಡಿ. ಒಂದು ನಿಯಮ ಹಾಕಿಕೊಂಡ ಮೇಲೆ ಸಂದೇಶ ಮುಗಿಯುವವರೆಗೂ ಅದನ್ನು ಮುರಿಯಬಾರದು. ನಾಲ್ಕು ಮನೆ ಬೇಕಾದರೆ ಮೊದಲಿನಿಂದಲೇ ನಾಲ್ಕು ಮನೆ ಕೊಡಿ.

ಸಂಖ್ಯೆಯಾದ ಮೇಲೆ ಲೆಕ್ಕ. ಡಚ್ ಗಣಿತಜ್ಞ ಹನ್ಸ್ ಫ್ರಾಯ್ಡೆಂಟಾಲ್ 1960ರಲ್ಲಿ ಪ್ರಕಟಿಸಿದ 'ಲಿಂಕೋಸ್' ಎಂಬ ಭಾಷೆ ಪೂರ್ತಿ ಹೀಗೇ ಬೆಳೆಯುತ್ತದೆ: ವಿವರಣೆ ಇಲ್ಲ, ಉದಾಹರಣೆಗಳು ಮಾತ್ರ. ಮಗುವಿಗೆ ನಾವು 'ಕೆಂಪು' ಎಂಬುದನ್ನು ವ್ಯಾಖ್ಯಾನ ಮಾಡಿ ಕಲಿಸುವುದಿಲ್ಲ. ಕೆಂಪು ಲಂಗ, ಕೆಂಪು ದಾಸವಾಳ, ಕೆಂಪು ಬಸ್ಸು ಎಂದು ತೋರಿಸುತ್ತಾ ಹೋಗುತ್ತೇವೆ. ಹಾಗೆಯೇ ಇಲ್ಲಿ:

• ▲ • ■ ••
•• ▲ • ■ •••
••• ▲ •• ■ •••••

ಮೂರನೇ ಸಾಲಿಗೆ ಬರುವಷ್ಟರಲ್ಲಿ ▲ ಎಂದರೆ ಕೂಡು, ■ ಎಂದರೆ ಸಮ ಎಂದು ಹೊಳೆಯುತ್ತದೆ. ಉದಾಹರಣೆ ಆರಿಸುವಾಗ ಒಂದು ಎಚ್ಚರ ಬೇಕು. "•• ▲ •• ■ ••••" ಎಂದು ಎಂದೂ ಶುರುಮಾಡಬೇಡಿ. ಎರಡಕ್ಕೆ ಎರಡು ಕೂಡಿದರೂ ನಾಲ್ಕು, ಎರಡನ್ನು ಎರಡರಿಂದ ಗುಣಿಸಿದರೂ ನಾಲ್ಕು. ಓದುಗ ಗುಣಾಕಾರ ಎಂದು ತಿಳಿದರೆ ಅವನ ತಪ್ಪಲ್ಲ. ಒಂದು ಉದಾಹರಣೆಗೆ ಎರಡು ಅರ್ಥ ಹೊಂದುವುದಾದರೆ ಅದು ಕಲಿಸುವ ಉದಾಹರಣೆಯಲ್ಲ. ಶಾಲೆಯಲ್ಲಿ ಪಾಠ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಹೊಸ ಗುರುತು ಒಂದು ಬಂದರೆ ಕನಿಷ್ಠ ಮೂರು ಉದಾಹರಣೆ ಕೊಡಿ, ಅವು ಮೂರೂ ಒಂದೇ ಒಂದು ಅರ್ಥಕ್ಕೆ ಮಾತ್ರ ಹೊಂದಲಿ.

ಲಿಂಕೋಸ್‌ನ ಒಂದು ಭಾಗ ನನಗೆ ಬಹಳ ಇಷ್ಟ. ಗಣಿತ ಕಲಿಸಿದ ಮೇಲೆ ಅದರಲ್ಲಿ ಇಬ್ಬರು ಪಾತ್ರಧಾರಿಗಳು ಬರುತ್ತಾರೆ. ಒಬ್ಬ ಲೆಕ್ಕ ಕೇಳುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ. ಸರಿಯಿದ್ದರೆ ಮೊದಲಿನವನು 'ಬೆನ್' ಎನ್ನುತ್ತಾನೆ, ಇಲ್ಲದಿದ್ದರೆ 'ಮಲ್'. ಹೀಗೆ ಬರೀ ಕೂಡು-ಕಳೆಯಿಂದ ಹೊರಟು ಪ್ರಶ್ನೆ, ಉತ್ತರ, ಮೆಚ್ಚುಗೆ, ಅಸಮ್ಮತಿಯವರೆಗೆ ಬರಬಹುದು. ನಾವು ಎಂಥವರು ಎಂದು ಹೇಳಿಕೊಳ್ಳಲು ಇದು ದೇಹದ ಚಿತ್ರಕ್ಕಿಂತ ಹತ್ತಿರದ ದಾರಿ ಎಂದು ನನಗನ್ನಿಸುತ್ತದೆ.

ಐದನೆಯದು: ಅಳತೆಗೋಲು

'ಮನುಷ್ಯ ಐದೂವರೆ ಅಡಿ' ಎಂದರೆ ಯಾರ ಅಡಿ? ಅವರ ಬಳಿಯೂ ಇರುವ ಅಳತೆಗೋಲೇ ಬೇಕು.

ಪಯನೀರ್ ಫಲಕದಲ್ಲಿ ಜಲಜನಕವನ್ನು ಹಿಡಿದರು. ಜಲಜನಕದ ಪರಮಾಣುವಿನೊಳಗೆ ಎಲೆಕ್ಟ್ರಾನಿನ ಸ್ಪಿನ್ ದಿಕ್ಕು ಮಗುಚಿದಾಗ 1420 ಮೆಗಾಹರ್ಟ್ಸ್‌ನ ರೇಡಿಯೋ ಅಲೆ ಹೊರಡುತ್ತದೆ, ಅದರ ಉದ್ದ 21 ಸೆಂಟಿಮೀಟರ್. ಬ್ರಹ್ಮಾಂಡದಲ್ಲಿ ಎಲ್ಲೇ ಅಳೆದರೂ ಅಷ್ಟೇ. ಫಲಕದಲ್ಲಿ ಹೆಂಗಸಿನ ಪಕ್ಕ ದ್ವಿಮಾನದಲ್ಲಿ 8 ಎಂದು ಬರೆದಿದೆ. ಎಂಟು 21 ಎಂದರೆ 168 ಸೆಂಟಿಮೀಟರ್, ಅವಳ ಎತ್ತರ. ಅದೇ ಅಲೆಯ ಒಂದು ಸುತ್ತಿನ ಕಾಲವನ್ನು ಗಡಿಯಾರವಾಗಿಟ್ಟುಕೊಂಡು, ಲಯಬದ್ಧವಾಗಿ ಮಿಡಿಯುವ ನಕ್ಷತ್ರಗಳಾದ 14 ಪಲ್ಸಾರ್‌ಗಳ ಮಿಡಿತವನ್ನೂ ಬರೆದಿದ್ದಾರೆ. ಪಲ್ಸಾರ್‌ಗಳು ಕಾಲ ಕಳೆದಂತೆ ನಿಧಾನವಾಗುತ್ತವೆ. ಹಾಗಾಗಿ ಅದು ವಿಳಾಸವೂ ಹೌದು, ತಾರೀಕೂ ಹೌದು.

ಅರೆಸಿಬೊದವರು ಇನ್ನೂ ಸರಳವಾದದ್ದನ್ನು ಮಾಡಿದರು. ಸಂದೇಶ ಹೊರಟದ್ದು 2380 ಮೆಗಾಹರ್ಟ್ಸ್‌ನಲ್ಲಿ, ಆ ಅಲೆಯ ಉದ್ದ 12.6 ಸೆಂಟಿಮೀಟರ್. ಅದನ್ನೇ ಅಳತೆಗೋಲು ಮಾಡಿದರು. ಮನುಷ್ಯನ ಎತ್ತರ 14 ಅಲೆ, ಅಂದರೆ ಸುಮಾರು 176 ಸೆಂಟಿಮೀಟರ್. ಸಂದೇಶ ಕೈಗೆ ಬಂದ ಗಳಿಗೆಯಲ್ಲೇ ಅಳತೆಗೋಲೂ ಬಂದಿರುತ್ತದೆ. ನಿಮ್ಮದು ರೇಡಿಯೋ ಸಂದೇಶವಾದರೆ ಇದನ್ನೇ ಅನುಸರಿಸಿ, ಲೋಹದ ಫಲಕವಾದರೆ ಜಲಜನಕ.

ಆರನೆಯದು: ಚಿತ್ರ, ಮತ್ತು ಅಮ್ಮ ಕಂಡ ಗಿಡ

ನನ್ನ 35 ಅಂಕಿಯ ಚೀಟಿ ಎಡವಿದ್ದು ಇಲ್ಲಿ. ಐದೈದರಂತೆ ಸಾಲು ಹಾಕು ಎಂದು ಕೊನೆಗೆ ಹೇಳಿಯೇಬಿಟ್ಟೆ. ಅಮ್ಮ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಕತೊಡಗಿದಳು. ಅವಳು ತನ್ನ ಕಾಲ ಬುಡದಿಂದ ಶುರುಮಾಡಿ ಸಾಲುಗಳನ್ನು ಆಚೆಗೆ ಒಯ್ದಳು. ಮುಗಿದ ಮೇಲೆ ನೋಡಿ, "ಗಿಡ. ಬುಡದಲ್ಲಿ ಎರಡು ಎಲೆ, ಮೇಲೆ ಹೂವು ಅರಳಿದೆ" ಅಂದಳು.

ಮೇಲಿನ ಮನುಷ್ಯನನ್ನು ತಲೆಕೆಳಗು ಮಾಡಿ ನೋಡಿ. ಅವಳು ಹೇಳಿದ್ದು ಅಕ್ಷರಶಃ ನಿಜ. ಕಾಲು ಎಸಳಾಗುತ್ತದೆ, ತೋಳು ಎಲೆಯಾಗುತ್ತದೆ. ನನ್ನ ಸಂದೇಶದಲ್ಲಿ ಯಾವ ಕಡೆ ಮೇಲು ಎಂಬ ಸೂಚನೆ ಒಂದೂ ಇರಲಿಲ್ಲ. ತಪ್ಪು ಓದಿದವರದಲ್ಲ, ಬರೆದವನದು.

ಇಂಥ ತೊಡಕಿಗೆ ವಾಯೇಜರ್ ತಂಡ ಒಂದು ಸೊಗಸಾದ ಪರಿಹಾರ ಕಂಡುಕೊಂಡಿತ್ತು. ಆ ಮುದ್ರಿಕೆಯಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ, ಎಲ್ಲವೂ ಧ್ವನಿಯ ರೂಪದಲ್ಲಿ. ಅದನ್ನು ಗೆರೆಗೆರೆಯಾಗಿ ಜೋಡಿಸಿ ಚಿತ್ರ ಮಾಡಿಕೊಳ್ಳಬೇಕು. ಜೋಡಣೆ ಸರಿಯೋ ತಪ್ಪೋ ಎಂದು ಅವರಿಗೆ ತಿಳಿಯುವುದು ಹೇಗೆ? ಮೊದಲ ಚಿತ್ರವಾಗಿ ಒಂದು ವೃತ್ತ ಇಟ್ಟರು. ಅದೇ ವೃತ್ತವನ್ನು ಮುದ್ರಿಕೆಯ ಮುಚ್ಚಳದ ಮೇಲೂ ಕೊರೆದರು. ಬಿಡಿಸಿದಾಗ ಮುಚ್ಚಳದ ಮೇಲಿರುವಂಥದ್ದೇ ಗುಂಡನೆಯ ವೃತ್ತ ಬಂದರೆ ಸರಿ, ಮೊಟ್ಟೆಯಾಕಾರ ಬಂದರೆ ಎಲ್ಲೋ ತಪ್ಪಿದೆ. ಸಂಗೀತಗಾರರು ಹಾಡುವ ಮುಂಚೆ ತಂಬೂರಿ ಶ್ರುತಿ ಮಾಡಿಕೊಳ್ಳುವ ಹಾಗೆ ಇದು. ನಿಮ್ಮ ಸಂದೇಶಕ್ಕೂ ಅಂಥ ಒಂದು ಶ್ರುತಿಚಿತ್ರ ಇರಲಿ, ಏನು ಬರಬೇಕೆಂದು ಓದುಗನಿಗೆ ಮೊದಲೇ ತಿಳಿಯಬಲ್ಲ ಚಿತ್ರ.

ನಾನು ಎರಡನೇ ಕರಡಿನಲ್ಲಿ ಎಣಿಕೆಯನ್ನೇ ಶ್ರುತಿಗೆ ಇಟ್ಟೆ. ಏಳು ಚುಕ್ಕಿ, ಹನ್ನೊಂದು ಸಾಲು, ಒಟ್ಟು 77:

1000000
1100000
1110000
0000000
0001000
0011100
0101010
0001000
0010100
0100010
0100010

ಮೇಲೆ ಒಂದು, ಎರಡು, ಮೂರು. ಎಣಿಕೆ ಏರುವ ದಿಕ್ಕೇ ಓದುವ ದಿಕ್ಕು. ತಲೆಕೆಳಗಾದರೆ ಮೂರು, ಎರಡು, ಒಂದು ಎಂದು ಇಳಿಯುತ್ತದೆ, ಗಿಡಕ್ಕೆ ಆಸ್ಪದವಿಲ್ಲ.

ಏಳನೆಯದು: ದಾರಿಯಲ್ಲಿ ಉದುರುವುದಕ್ಕೆ ಸಿದ್ಧವಾಗಿ

ಲಕ್ಷಗಟ್ಟಲೆ ಕೋಟಿ ಕಿಲೋಮೀಟರ್ ಹೋಗುವ ಸಂದೇಶ ಗದ್ದಲದಲ್ಲಿ ಮುಳುಗುತ್ತದೆ. ಎರಡು ಬಗೆಯ ಹಾನಿ ಆಗಬಹುದು, ಎರಡನ್ನೂ ಮನೆಯಲ್ಲೇ ಪರೀಕ್ಷಿಸಿ.

ಒಂದು, ಕೆಲವು ಬಿಟ್‌ಗಳು ಮಗುಚುವುದು. ನಿಮ್ಮ ಚಿತ್ರದ ಯಾವುದೋ ಐದು ಮನೆಗಳನ್ನು ಕಣ್ಣುಮುಚ್ಚಿ ಆರಿಸಿ ಬದಲಿಸಿ. ಚಿತ್ರ ಇನ್ನೂ ಗುರುತು ಸಿಗುತ್ತದೆಯೇ? ಸಾಮಾನ್ಯವಾಗಿ ಸಿಗುತ್ತದೆ. ಆದರೆ ಸಂಖ್ಯೆಯಲ್ಲಿ ಒಂದೇ ಬಿಟ್ ಮಗುಚಿದರೂ 8 ಹೋಗಿ 9 ಆಗುತ್ತದೆ. ಕೆನಡಾದ ಇವಾನ್ ದುತಿಲ್ ಮತ್ತು ಸ್ಟೆಫಾನ್ ದ್ಯುಮಾ 1999ರ 'ಕಾಸ್ಮಿಕ್ ಕಾಲ್' ಸಂದೇಶಕ್ಕೆ ಗುರುತುಗಳನ್ನು ರೂಪಿಸುವಾಗ ಇದರ ಮೇಲೆಯೇ ಹೆಚ್ಚು ಶ್ರಮ ಹಾಕಿದರು. ಕೆಲವು ಚುಕ್ಕಿಗಳು ಕೆಟ್ಟರೂ ಒಂದು ಗುರುತು ಇನ್ನೊಂದರಂತೆ ಕಾಣಬಾರದು, ಕನ್ನಡಿಯಲ್ಲಿ ತಿರುಗಿಸಿದರೂ ಬೇರೊಂದರ ಹಾಗೆ ಆಗಬಾರದು ಎಂಬ ನಿಯಮ ಅವರದು. ಕನ್ನಡ ಓದುವವರಿಗೆ ಇದರ ಬೆಲೆ ಗೊತ್ತು: ಮುದ್ರಣ ಮಾಸಿದ ಹಾಳೆಯಲ್ಲಿ ಪ ಯಾವುದು, ಷ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಿದವರೇ ನಾವೆಲ್ಲ. ಆ ಸಂದೇಶ ಹೊರಟದ್ದು ಕ್ರಿಮಿಯಾದ ಯೆವ್‌ಪಟೋರಿಯದ 70 ಮೀಟರ್ ಆಂಟೆನಾದಿಂದ. ಪುಟವೊಂದಕ್ಕೆ 127×127 ಚುಕ್ಕಿ, ಸುತ್ತಲೂ ಒಂದು ಚೌಕಟ್ಟು.

ಎರಡನೆಯ ಹಾನಿ ಇನ್ನೂ ಕೆಟ್ಟದ್ದು: ಒಂದು ಬಿಟ್ ಪೂರ್ತಿ ಕಳೆದುಹೋಗುವುದು. ಹೊಲಿಗೆಯಲ್ಲಿ ಒಂದು ಎಳೆ ಎಣಿಕೆ ತಪ್ಪಿದರೆ ಮುಂದಿನ ಕಸೂತಿಯೆಲ್ಲ ಓರೆಯಾಗುವಂತೆ, ಅಲ್ಲಿಂದ ಮುಂದಿನ ಸಾಲುಗಳೆಲ್ಲ ಒಂದೊಂದು ಮನೆ ಸರಿಯುತ್ತವೆ. ಅಷ್ಟೇ ಅಲ್ಲ, ಉದ್ದದಲ್ಲಿ ಅಡಗಿಸಿದ ಸುಳಿವೂ ಹೋಗುತ್ತದೆ. 35ರಲ್ಲಿ ಒಂದು ಹೋದರೆ 34. ಅದು 2×17, ಅದೂ ಎರಡು ಅವಿಭಾಜ್ಯಗಳ ಗುಣಲಬ್ಧವೇ! ಅರೆಸಿಬೊದ 1679ರಲ್ಲಿ ಒಂದು ಕಳೆದರೆ 1678, ಅಂದರೆ 2×839. ಓದುಗ ಸರಿಯಾಗಿ ಯೋಚಿಸಿಯೇ ತಪ್ಪು ದಾರಿ ಹಿಡಿಯುತ್ತಾನೆ.

ಪರಿಹಾರ ಎರಡು. ಪ್ರತಿ ಸಾಲಿನ ತುದಿಗೆ ಒಂದು ಚುಕ್ಕಿ ಇಟ್ಟು ಚೌಕಟ್ಟು ಕಟ್ಟಿ. ಚೌಕಟ್ಟಿನ ಗೆರೆ ಎಲ್ಲಿ ಮುರಿಯಿತೋ ಅಲ್ಲಿ ಬಿಟ್ ಕಳೆದಿದೆ ಎಂದು ಗೊತ್ತಾಗುತ್ತದೆ. ಮತ್ತು ಸಂದೇಶವನ್ನು ಒಂದೇ ಸಲ ಕಳಿಸಬೇಡಿ, ಮತ್ತೆ ಮತ್ತೆ ಕಳಿಸಿ. ಒಂದೇ ಮಾದರಿ ಎಷ್ಟು ಬಿಟ್‌ಗೊಮ್ಮೆ ಮರಳಿ ಬರುತ್ತಿದೆ ಎಂದು ನೋಡಿದರೆ ಉದ್ದ ತಾನಾಗಿ ತಿಳಿಯುತ್ತದೆ. ಅರೆಸಿಬೊ ಸಂದೇಶವನ್ನು ಒಂದೇ ಒಂದು ಸಲ ಕಳಿಸಿದರು. ಅದೊಂದು ಮಾತ್ರ ನನಗೆ ಇವತ್ತಿಗೂ ಬೇಸರದ ಸಂಗತಿ.

ಎಂಟನೆಯದು: ಕಾಲಕ್ಕೆ ಹಳಸುವುದನ್ನು ತುಂಬಬೇಡಿ

ಅರೆಸಿಬೊ ಸಂದೇಶದಲ್ಲಿ ನಮ್ಮ ಡಿಎನ್‌ಎಯ ಏಣಿಗೆ ಸುಮಾರು 429 ಕೋಟಿ ಮೆಟ್ಟಿಲು ಎಂದಿದೆ. ಇಂದು ಗೊತ್ತಿರುವ ಲೆಕ್ಕ 300 ಕೋಟಿಗೆ ತುಸು ಮೇಲೆ. ಗ್ರಹಗಳ ಸಾಲಿನಲ್ಲಿ ಪ್ಲುಟೊ ಇದೆ, 2006ರಲ್ಲಿ ಅದನ್ನು ಪಟ್ಟಿಯಿಂದ ತೆಗೆದರು. ಕೊನೆಯಲ್ಲಿ ದೂರದರ್ಶಕದ್ದೇ ಚಿತ್ರವಿದೆ, 305 ಮೀಟರಿನ ಆ ಮಹಾ ತಟ್ಟೆ 2020ರ ಡಿಸೆಂಬರ್ 1ರಂದು ಕುಸಿದುಬಿತ್ತು. ಸಂದೇಶ ಹೋಗಬೇಕಾದ ದೂರದಲ್ಲಿ ಇನ್ನೂ ಸಾವಿರದಲ್ಲೊಂದೆರಡು ಪಾಲನ್ನಷ್ಟೇ ದಾಟಿದೆ. ಜಲಜನಕ, ಇಂಗಾಲ, ಸಾರಜನಕ, ಆಮ್ಲಜನಕ, ರಂಜಕದ ಪರಮಾಣು ಸಂಖ್ಯೆಗಳು (1, 6, 7, 8, 15) ಮಾತ್ರ ಎಂದಿಗೂ ಹಳಸುವುದಿಲ್ಲ. ಏನು ಬರೆಯಲಿ ಎಂದು ಅನುಮಾನ ಬಂದಾಗ ಇವುಗಳ ಕಡೆ ವಾಲಿ.

ಒಂಬತ್ತನೆಯದು: ಸುಳಿವು ಕೊಡದೆ ಪರೀಕ್ಷಿಸಿ

ಇದನ್ನು ಬಿಟ್ಟರೆ ಮೇಲಿನದ್ದೆಲ್ಲ ವ್ಯರ್ಥ. ಅನ್ಯಲೋಕದ ಜೀವಿಗಳ ಹುಡುಕಾಟದ ಬಗ್ಗೆ 1961ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್ ಎಂಬಲ್ಲಿ ನಡೆದ ಸಭೆಯ ನಂತರ ಡ್ರೇಕ್ 551 ಬಿಟ್‌ಗಳ (19×29) ಒಂದು ಸಂದೇಶವನ್ನು ಜೊತೆಗಾರ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಅದನ್ನು ಬಿಡಿಸಿದ್ದು ಎಂಜಿನಿಯರ್ ಬರ್ನಾರ್ಡ್ ಆಲಿವರ್. ಓದಲು ಕೊಟ್ಟದ್ದು ಇದೇ ವಿಷಯದಲ್ಲಿ ಮುಳುಗಿದ್ದ ದೊಡ್ಡ ತಲೆಗಳಿಗೆ, ಆದರೂ ಅದು ಸುಲಭವಾಗಿರಲಿಲ್ಲ.

ಇತ್ತೀಚಿನದ್ದು ಇನ್ನೂ ಸ್ಪಷ್ಟ. 2023ರ ಮೇ 24ರಂದು ಮಂಗಳನ ಸುತ್ತ ತಿರುಗುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ ನೌಕೆಯಿಂದ ಭೂಮಿಗೆ ಒಂದು ಸಂದೇಶ ಬಿಟ್ಟರು. ಅನ್ಯಲೋಕದಿಂದ ಬಂದದ್ದೆಂದೇ ತಿಳಿದು ಬಿಡಿಸಿ ಎಂದು ಜಗತ್ತಿಗೆಲ್ಲ ಕರೆಕೊಟ್ಟರು. ಕಲಾವಿದೆ ಡ್ಯಾನಿಯೆಲಾ ಡಿ ಪೌಲಿಸ್ ಅವರ ಯೋಜನೆ ಅದು. ಸಂಕೇತದಿಂದ ಬಿಟ್‌ಗಳನ್ನು ಹೊರತೆಗೆಯಲು ಉತ್ಸಾಹಿಗಳಿಗೆ ಕೆಲವೇ ದಿನ ಸಾಕಾಯಿತು. ಆದರೆ ಆ ಚುಕ್ಕಿಗಳನ್ನು ಒಂದು ನಿಯಮದಂತೆ ಚಲಿಸಲು ಬಿಡಬೇಕು, ಆಗ ಅಮೈನೋ ಆಮ್ಲಗಳ ಆಕಾರ ಮೂಡುತ್ತದೆ ಎಂದು ತಂದೆ-ಮಗಳ ಜೋಡಿಯೊಂದು ಕಂಡುಕೊಳ್ಳುವ ಹೊತ್ತಿಗೆ ಒಂದು ವರ್ಷವೇ ಕಳೆದಿತ್ತು. ಕಟ್ಟಿದವರೂ ಬಿಡಿಸಿದವರೂ ಒಂದೇ ಗ್ರಹದವರು.

ಪರೀಕ್ಷಿಸುವ ಕ್ರಮ ಹೀಗೆ. ಬಿಟ್‌ಗಳ ಸರಪಳಿಯನ್ನು ಮಾತ್ರ ಕೊಡಿ. "ಇದೊಂದು ಚಿತ್ರ" ಎಂದು ಕೂಡ ಹೇಳಬೇಡಿ, ನಾನು ಅಮ್ಮನಿಗೆ ಹಾಗೆ ಹೇಳಿದ್ದೇ ತಪ್ಪು. ಓದುಗ ತಪ್ಪಿದಾಗ ತುಟಿ ಬಿಚ್ಚಬೇಡಿ, ಎಲ್ಲಿ ನಿಂತರು, ಏನೆಂದು ಊಹಿಸಿದರು ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳಿ. ಓದುಗರು ಬೇರೆಬೇರೆ ಬಗೆಯವರಿರಲಿ: ಲೆಕ್ಕ ಬಲ್ಲವರು, ಕಸೂತಿ ಬಲ್ಲವರು, ಹತ್ತು ವರ್ಷದ ಮಗು. ಸಾಧ್ಯವಾದರೆ ಕಣ್ಣು ಕಾಣದ ಒಬ್ಬರಿಗೆ ಇದನ್ನು ತಾಳದ ರೂಪದಲ್ಲಿ ಕೇಳಿಸಿ. ಚಿತ್ರ ಅವರನ್ನು ತಲುಪದಿರಬಹುದು, ಆದರೆ ಎಣಿಕೆ ಮತ್ತು ಲೆಕ್ಕ ತಲುಪಬೇಕು. ತಲುಪದಿದ್ದರೆ ನಿಮ್ಮ ಸಂದೇಶ ನಮ್ಮ ಕಣ್ಣಿನ ಮೇಲೆ ಅತಿಯಾಗಿ ಭಾರ ಹಾಕಿದೆ ಎಂದರ್ಥ.

ಕಳಿಸುವ ಮಾತು

ಮನೆಯಿಂದ ಕಳಿಸಲು ಹೋಗಬೇಡಿ. ರೇಡಿಯೋ ಪ್ರಸಾರಕ್ಕೆ ಪರವಾನಗಿ ಬೇಕು. ಜಲಜನಕದ ಅಲೆ ಇರುವ 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯಲ್ಲಂತೂ ಪ್ರಸಾರವೇ ನಿಷಿದ್ಧ, ಅದು ಆಕಾಶಕ್ಕೆ ಕಿವಿಗೊಡುವವರಿಗೆ ಮೀಸಲು.

ಕಳಿಸಬೇಕೇ ಎಂಬುದೇ ಒಂದು ದೊಡ್ಡ ಪ್ರಶ್ನೆ. 1974ರಲ್ಲೇ ಬ್ರಿಟನ್ನಿನ ಖಗೋಳ ವಿಜ್ಞಾನಿ ಮಾರ್ಟಿನ್ ರೈಲ್ ಅರೆಸಿಬೊ ಸಂದೇಶವನ್ನು ವಿರೋಧಿಸಿದ್ದರು. 2015ರಲ್ಲಿ ಹಲವು ವಿಜ್ಞಾನಿಗಳು ಸೇರಿ, ಜಗತ್ತಿನ ಮಟ್ಟದಲ್ಲಿ ಚರ್ಚೆಯಾಗದೆ ಯಾರೂ ಕಳಿಸಕೂಡದು ಎಂದು ಹೇಳಿಕೆ ಕೊಟ್ಟರು. ಆದರೂ 2017ರಲ್ಲಿ ನಾರ್ವೆಯ ಟ್ರಾಮ್ಸೊದಿಂದ, ಸುಮಾರು 12 ಜ್ಯೋತಿರ್ವರ್ಷ ದೂರದ ಲೈಟನ್ ನಕ್ಷತ್ರದ ಕಡೆಗೆ ಸಂಗೀತದ ತುಣುಕುಗಳ ಜೊತೆ ಒಂದು ಗಣಿತದ ಪಾಠ ಹೊರಟಿತು. ಉತ್ತರ ಬರುವುದಾದರೆ 2040ರ ದಶಕದ ಆರಂಭದಲ್ಲಿ. ನನ್ನ ಮಟ್ಟಿಗೆ, ಇಡೀ ಭೂಮಿಯ ಹೆಸರಿನಲ್ಲಿ ಮಾತಾಡುವ ಹಕ್ಕು ಒಂದು ತಂಡಕ್ಕೆ ಇಲ್ಲ. ಆದರೆ ಸಂದೇಶ ಕಟ್ಟಿ, ಪರೀಕ್ಷಿಸಿ, ತಿದ್ದುವ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ, ಮತ್ತು ಆ ಕೆಲಸ ಇನ್ನೂ ಬೆಟ್ಟದಷ್ಟಿದೆ.

77 ಬಿಟ್‌ಗಳ ಎರಡನೇ ಚೀಟಿಯನ್ನು ಅಮ್ಮನಿಗೆ ಮಾತಿಲ್ಲದೆ ಕೊಟ್ಟೆ. ಹಾಳೆಯ ಮೇಲೆ ಎಣಿಸಿದಳು, 77 ಎಂದು ಬರೆದುಕೊಂಡಳು, ಹನ್ನೊಂದರ ಸಾಲು ಹಾಕಿ ಅಳಿಸಿದಳು, ಏಳರ ಸಾಲು ಹಾಕಿದಳು. ಮನುಷ್ಯ ನೆಟ್ಟಗೆ ನಿಂತ. ಆಮೇಲೆ ತಲೆಗಿಂತ ಮೇಲಿರುವ ಚುಕ್ಕಿಗಳ ಮೇಲೆ ಬೆರಳಿಟ್ಟು ಕೇಳಿದಳು: "ಇದ್ಯಾರು, ಇವನ ಮಕ್ಕಳಾ?"

ಎಣಿಕೆ ಬೇರೆ, ಚಿತ್ರ ಬೇರೆ ಎಂದು ತೋರಿಸಲು ನಾನು ಬಿಟ್ಟ ಒಂದು ಖಾಲಿ ಸಾಲು ಸಾಲಲಿಲ್ಲ. ಮೂರನೇ ಕರಡಿನಲ್ಲಿ ಎರಡರ ನಡುವೆ ಪೂರ್ತಿ ಗೆರೆ ಎಳೆದಿದ್ದೇನೆ, ಎಣಿಕೆಯನ್ನು ಐದರವರೆಗೆ ಒಯ್ದಿದ್ದೇನೆ. ಏಳು ಚುಕ್ಕಿ, ಹದಿಮೂರು ಸಾಲು, 91 ಬಿಟ್. ಚೀಟಿ ಈಗ ಅವಳ ಕನ್ನಡಕದ ಡಬ್ಬಿಯ ಕೆಳಗಿದೆ.